ಮಂಚದಡಿಯ ಪೆಟ್ಟಿಗೆ

ನಾವಿಬ್ಬರೂ ಪ್ರವಾಸ ಹೋಗಲಿರುವ ಹಡಗಿನ ಕೋಣೆ ಚಿಕ್ಕದು, ಪೆಟ್ಟಿಗೆ ಮಂಚದಡಿಗೆ ಹೋಗಬೇಕು ಎಂದು ನನ್ನ ಗಂಡ ಸಾಯುವ ಹಿಂದಿನ ವಾರ ಅದನ್ನು ತುಂಬಿ, ನಮ್ಮ ಮಂಚದಡಿಗೆ ತಳ್ಳಿ ನೋಡಿದ್ದ. ಅದು ಅಲ್ಲೇ ಇತ್ತು. ಇವತ್ತು ನಾದಿನಿ ಅದನ್ನು ಎಳೆದು, ಅವನ ಅಂಗಿಗಳನ್ನು ನೆಲಕ್ಕೆ ಹಾಕಿ, ತನ್ನ ಗಂಡನ ಚಡ್ಡಿಗಳನ್ನು ತುಂಬತೊಡಗಿದಳು.

"ನೀವಂತೂ ಹೋಗಲ್ಲ ಅತ್ತಿಗೆ. ಟಿಕೆಟ್ ನಮ್ಮ ಹೆಸರಿಗೆ ಮಾಡಿಸಿಬಿಡಿ."

"ಹೋಗಲ್ಲ ಅಂತ ಯಾರು ಹೇಳಿದ್ದು?"

"ಇಷ್ಟು ಬೇಗ ಹೋದ್ರೆ ನೋಡಿದವರು ಏನಂತಾರೆ?"

"ನಿನ್ನನ್ನ ನೋಡಿದವರು ಏನೂ ಅನ್ನಲ್ವಾ? ಸತ್ತಿದ್ದು ನಿನ್ನಣ್ಣ ತಾನೆ?"

ನಾನು ಚಡ್ಡಿಗಳನ್ನು ಅವಳ ಮಡಿಲಿಗೆ ಎಸೆದು, ಅಂಗಿಗಳನ್ನು ಮಡಚಿ ಮತ್ತೆ ಪೆಟ್ಟಿಗೆಯೊಳಗಿಟ್ಟೆ.

"ಒಬ್ಬರೇ ಹೋಗ್ತೀರಾ? ಇನ್ನೊಂದು ಹಾಸಿಗೆ?"

"ಖಾಲಿ ಇರುತ್ತೆ," ಎಂದು ಪೆಟ್ಟಿಗೆಯನ್ನು ಕಾಲಿನಿಂದ ಮಂಚದಡಿಗೆ ಒದ್ದೆ.