ಆಫೀಸಿನ ಬಾಗಿಲಿಗೆ ಎಕ್ಕಡ

“ಲೇ ಮಾದಿಗ ಮುಂಡೇದೇ! ಸರ್ಕಾರಿ ನೌಕರನ ತಲೆ ಮೇಲೆ ಎಕ್ಕಡ ನೇತುಹಾಕ್ತೀಯೇನೋ?”

ರಸ್ತೆ ಇನ್‌ಸ್ಪೆಕ್ಟರ್ ರಾಮಚಂದ್ರಪ್ಪ ಸೈಕಲ್ಲಿನಿಂದ ಇಳಿದಿರಲಿಲ್ಲ, ತಲೆಗೆ ಏನೋ ಬಡಿದು ಬಿದ್ದಿದ್ದ. ಅವನ ಟೋಪಿ ಮೋರಿಯಲ್ಲಿ ತೇಲುತ್ತಿತ್ತು. ಮೇಲೆ ಹೊಂಗೆ ಮರದ ಕೊಂಬೆಯಲ್ಲಿ ತೊಟ್ಟಿಲಿನಷ್ಟು ದೊಡ್ಡ ಎಕ್ಕಡವೊಂದು ತನಗೇನೂ ಗೊತ್ತಿಲ್ಲವೆಂಬಂತೆ ತೂಗಾಡುತ್ತಿತ್ತು.

ಅದು ಚಿಕ್ಕಮುನಿಯಪ್ಪನ ಬೋರ್ಡು. ಬಂಗಾರಪೇಟೆಯಿಂದ ಚಿನ್ನದ ಗಣಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಆ ಮರದ ಬುಡದಲ್ಲಿ ಗೋಣಿತಟ್ಟು ಹಾಸಿಕೊಂಡು ಅವನು ಮೆಟ್ಟು ಹೊಲಿಯುತ್ತಿದ್ದ. ಗಿರಾಕಿಗಳೆಲ್ಲ ಉರಿಗಾಂ, ನಂದಿದುರ್ಗದ ಗಣಿ ಆಳುಗಳು. ತಮಿಳರು, ತೆಲುಗರು, ಕನ್ನಡದವರು. ಓದು ಯಾರಿಗೂ ಬಾರದು. ಅವರಿಗೆ ಅಕ್ಷರ ಬರೆಸಿ ಏನು ಮಣ್ಣು ಪ್ರಯೋಜನ? ಅದಕ್ಕೇ ಹಳೇ ಲಾರಿ ಟೈರು ಕುಯ್ದು, ಹೆಬ್ಬೆರಳು ತೂರಿಸುವ ಕೆಂಪು ಉಂಗುಷ್ಟ ಹಾಕಿ, ಒಂಟಿ ಎಕ್ಕಡ ಮಾಡಿ ತೂಗುಬಿಟ್ಟಿದ್ದ. ಬಸ್ಸಿನಲ್ಲಿ ಕೂತವನಿಗೂ ಅದು ಕಾಣುತ್ತಿತ್ತು. ಅದು ಕಂಡರೆ ಗಿರಾಕಿ, ಗಿರಾಕಿ ಬಂದರೆ ಮನೆಯಲ್ಲಿ ಮುದ್ದೆ.

“ರಸ್ತೆ ಪಕ್ಕ ಅಪ್ಪಣೆ ಇಲ್ಲದೆ ಏನೂ ನೇತಾಡೋ ಹಂಗಿಲ್ಲ. ರೂಲ್ಸು! ಕೋದಂಡಪ್ಪಾ, ಜಪ್ತಿ ಮಾಡು.”

ಬಿಳೀ ದೊರೆಗಳು ಗಣಿ ಬಿಟ್ಟು ಹೋಗಿ ಸ್ವಲ್ಪ ಕಾಲವಾಗಿತ್ತು. ರೂಲ್ಸನ್ನು ಮಾತ್ರ ಇಲ್ಲೇ ಬಿಟ್ಟುಹೋಗಿದ್ದರು.

“ಅಂಗಾರೆ ಮಿಲ್ ಸಾವ್ಕಾರ್ರ ಬೋರ್ಡು ಸಾಮಿ? ಅದು ಬಸ್ಸಿನ ಟಾಪಿಗೇ ತಗಲ್ತದೆ,” ಅಂದ ಚಿಕ್ಕಮುನಿಯಪ್ಪ.

“ಅದು ಮರ್ಯಾದಸ್ಥರ ಬೋರ್ಡು ಕಣೋ. ಬಾಯ್ಮುಚ್ಚು!”

ಸೈಕಲ್ಲಿನ ಹಿಂದೆ ಓಡಿಬಂದು ಏದುಸಿರು ಬಿಡುತ್ತಿದ್ದ ಜವಾನ ಕೋದಂಡಪ್ಪ ಎಕ್ಕಡದ ಹತ್ತಿರ ಹೋದ. ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ.

“ನಾ ಮುಟ್ಟಾಕಿಲ್ಲ ಸಾಮಿ. ಮನೇಲಿ ದ್ಯಾವ್ರವ್ನೆ.”

“ನನ್ನ ಮನೇಲಿಲ್ವೇನೋ ದೇವರು?”

“ಅಂಗಾರೆ ನೀವೂ ಮುಟ್ಟಬ್ಯಾಡಿ.”

ಅಯ್ಯೋ, ಇವರ ಮಡಿಗಿಷ್ಟು ಬೆಂಕಿ ಬೀಳ! ಕೊನೆಗೆ ಜಪ್ತಿಯಾದ ಮಾಲನ್ನು ಮಾಲಿನವನೇ ಹೊರಬೇಕಾಯಿತು. ಚಿಕ್ಕಮುನಿಯಪ್ಪ ಎಕ್ಕಡವನ್ನು ತಲೆಯ ಮೇಲಿಟ್ಟುಕೊಂಡು ಪೇಟೆಬೀದಿಯಲ್ಲಿ ನಡೆದ. ಅಂಗಡಿಯವರೆಲ್ಲ ಹಲ್ಲು ಕಿರಿದರು. ಅವನಿಗೆ ನಾಚಿಕೆಯಾಯಿತು, ತಲೆ ತಗ್ಗಿಸಿದರೆ ಎಕ್ಕಡ ಬೀಳುತ್ತಿತ್ತು.

ಆಫೀಸಿನ ಹೊಸ್ತಿಲ ಮೇಲೆ ಅದನ್ನು ಇಳಿಸಹೋದಾಗ ಒಳಗಿನಿಂದ ಕೂಗು ಬಂತು. “ಅಲ್ಲಿಟ್ಟರೆ ನಾವು ದಾಟೋದು ಹೆಂಗೋ? ಮೇಲೆ ಎಲ್ಲಾದ್ರೂ ನೇತುಹಾಕಿ ತೊಲಗು!” ಇನ್‌ಸ್ಪೆಕ್ಟರ್ ತಲೆಯೆತ್ತದೆ ಟೋಪಿ ಒರೆಸುತ್ತಲೇ ಕೂಗಿದ್ದ. ಬಾಗಿಲ ನೆತ್ತಿಯ ಮೇಲೆ ಲಾಟೀನಿನ ಕೊಕ್ಕೆಯೊಂದಿತ್ತು. ಚಿಕ್ಕಮುನಿಯಪ್ಪ ಹೇಳಿದಷ್ಟು ಮಾಡಿ ಬಂದ.

ಮರದಡಿಗೆ ಬಂದು ಕೂತರೆ ಒಂದು ನರಪಿಳ್ಳೆಯೂ ಹತ್ತಿರ ಸುಳಿಯಲಿಲ್ಲ. ಹೆಂಡತಿ ಮುನಿಗಂಗಮ್ಮ ಅಂಬಲಿ ತಂದು ಪಕ್ಕದಲ್ಲಿ ಕೂತಳು. ಆಗ ನಂದಿದುರ್ಗದ ಗಣಿ ಆಳು ಕುಪ್ಪುಸ್ವಾಮಿ ಬರಿಗಾಲಲ್ಲಿ ಬಂದ.

“ಎನ್ನಪ್ಪಾ ಚಿಕ್ಕಮುನಿ, ಅಂಗ್ಡಿಗೆ ಆಳಿಟ್ಟಿದೀಯಾ? ಬಲೇ ಕೋಪಿಷ್ಠ! ಆ ಆಫೀಸ್ ಬಾಗ್ಲ ಮ್ಯಾಲೆ ಎಕ್ಕಡ ನೋಡ್ಕಂಡು ಒಳಿಕ್ಕೋದೆ. ಬೂಟ್ಸು ಮೇಜಿನ ಮ್ಯಾಲೆ ಮಡಗಿ, ತಳಕ್ಕೆ ಅಟ್ಟೆ ಆಕು ಅಂದೆ. ‘ನಾನ್ಯಾರು ಗೊತ್ತೇನೋ’ ಅಂತ ವದರ್ತಾನೆ! ಬೂಟ್ಸು ಅಲ್ಲೇ ಬಿಟ್ಟು ಓಡ್ಬಂದೆ.”

ಮುನಿಗಂಗಮ್ಮ ಬಿದ್ದುಬಿದ್ದು ನಕ್ಕಳು. ಅಂಬಲಿ ಚೆಲ್ಲಿತು.

“ಇನ್ನೂ ಯಾಕಯ್ಯಾ ಇಲ್ಲಿ ಕುಂತಿದ್ದೀಯ? ಎಕ್ಕಡ ಎಲ್ಲೈತೋ ಅಂಗ್ಡಿ ಅಲ್ಲೇ. ಏಳು!”

ಗೋಣಿತಟ್ಟು, ಉಳಿ, ದಬ್ಬಣ, ನೀರಿನ ಮಡಕೆ ಎಲ್ಲ ಆಫೀಸಿನ ಮೆಟ್ಟಿಲಿಗೆ ಬಂದವು.

“ಏಳೋ ಇಲ್ಲಿಂದ!”

“ರಸ್ತೆ ಪಕ್ಕ ಬ್ಯಾಡ ಅಂದ್ರಿ. ಇದು ರಸ್ತೆ ಅಲ್ವಲ್ಲ ಸಾಮಿ. ನೇತಾಕು ಅಂದೋರೂ ತಾವೇ.”

“ಬಿಚ್ಚೋ ಆ ದರಿದ್ರಾನ!”

“ಜಪ್ತಿ ಆಗೈತೆ, ಈಗದು ಸರ್ಕಾರದ್ದು. ನನ್ನಂತೋನು ಮುಟ್ಟೋದುಂಟಾ? ತಾವೇ ಬಿಚ್ಕಳಿ.”

ಇನ್‌ಸ್ಪೆಕ್ಟರ್ ಕೋದಂಡಪ್ಪನ ಮುಖ ನೋಡಿದ. ಕೋದಂಡಪ್ಪ ಮನೆದೇವರನ್ನು ನೆನೆದು ಕಣ್ಣು ಮುಚ್ಚಿಕೊಂಡ. ಪೊಲೀಸಿನವನನ್ನು ಕರೆಸಿದ್ದಾಯಿತು. ಅವನ ಬೂಟಿನ ಹಿಮ್ಮಡಿ ಕಿತ್ತಿತ್ತು, ಹೊಲಿಸಿಕೊಂಡು ಹೋದ.

ಸಂಜೆ ಆಫೀಸು ಮುಚ್ಚುವ ಹೊತ್ತಾಯಿತು. ಬಾಗಿಲು ಗಿಡ್ಡ, ಹೊರಗೆ ಬರಬೇಕಾದರೆ ಎಕ್ಕಡ ತಲೆಗೆ ಸೋಕಲೇಬೇಕು. ಹಿಂದೊಂದು ಬಾಗಿಲಿತ್ತು. ಅದು ಕಕ್ಕಸಿನ ಓಣಿಗೆ ತೆರೆಯುತ್ತಿತ್ತು. ಅಲ್ಲಿ ಕಕ್ಕಸು ಬಳಿಯುವ ಪೆದ್ದಮ್ಮನನ್ನು ಬಿಟ್ಟು ಯಾರೂ ಕಾಲಿಡುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಪೆದ್ದಮ್ಮ ಬುಟ್ಟಿ ಹಿಡಿದು ಆಫೀಸನ್ನು ಸುತ್ತಿ ಮುಂದಕ್ಕೆ ಬಂದಳು. “ಏನ್ಲಾ ಚಿಕ್ಕಮುನಿ ಇದು? ಸಾಯೇಬ್ರು ಮೂಗು ಮುಚ್ಕಂಡು ನನ್ನ ದಾರೀಲಿ ಬತ್ತಾವ್ರೆ. ಈ ಓಣಿ ಇನ್ನು ನಮಗೆ ಬೇಕು, ನೀನಿತ್ತ ಬರಬ್ಯಾಡ ಅಂತಾರೆ. ಕಕ್ಕಸಿಗೆ ನಾನೆಲ್ಲಿಂದ ಓಗ್ಲಿ?”

ಚಿಕ್ಕಮುನಿಯಪ್ಪ ಗೋಣಿತಟ್ಟನ್ನು ಪಕ್ಕಕ್ಕೆ ಎಳೆದುಕೊಂಡು ಎದ್ದ. ತೂಗುತ್ತಿದ್ದ ಎಕ್ಕಡವನ್ನು ಒಂದು ಕೈಯಲ್ಲಿ ಸರಿಸಿ ಹಿಡಿದ.

“ಇಂಗೇ ಬಾ ಪೆದ್ದಮ್ಮ, ಮುಂಬಾಗ್ಲಲ್ಲಿ.”

ಪೆದ್ದಮ್ಮ ಬುಟ್ಟಿ ಸಮೇತ ಒಳಗೆ ಹೋದಳು.