ನಮ್ಮ ಮನೆಯಲ್ಲಿ ಯಾರೂ ಬಿದ್ದಿಲ್ಲ

ನಮ್ಮ ಮನೆಯಲ್ಲಿ ಯಾರೂ ಜಾರಿ ಬೀಳುವುದಿಲ್ಲ, ಯಾರೂ ಕೈ ಕೊಯ್ದುಕೊಳ್ಳುವುದಿಲ್ಲ, ಯಾರಿಗೂ ಬೆಂಕಿ ತಗಲುವುದಿಲ್ಲ. ಇದು ನನ್ನ ಮಾತಲ್ಲ, ನಮ್ಮ ಯಜಮಾನರದು. ಅವರು ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರು. ಅಪಘಾತವೇ ಆಗದ ವಿಭಾಗಕ್ಕೆ ವರ್ಷದ ಕೊನೆಗೆ ಒಂದು ಹಿತ್ತಾಳೆ ಫಲಕ ಕೊಡುವ ಪದ್ಧತಿ ಅಲ್ಲಿದೆ. ಆ ಫಲಕದ ಆಸೆಗೆ ಅಲ್ಲಿನ ಜನ ಬೆರಳು ಜಜ್ಜಿಹೋದರೂ ಕೈಯನ್ನು ಜೇಬಿಗೆ ಇಳಿಬಿಟ್ಟು ಸಿಳ್ಳೆ ಹೊಡೆಯುತ್ತ ಓಡಾಡುತ್ತಾರಂತೆ. ಊಟಕ್ಕೆ ಕೂತಾಗ ಇವರೇ ನಕ್ಕು ನಕ್ಕು ಹೇಳಿದ ಸಂಗತಿ ಇದು. ಅಷ್ಟು ನಕ್ಕವರು ಅದೇ ಪದ್ಧತಿಯನ್ನು ಮನೆಗೂ ಹೊತ್ತು ತಂದರು.

ಮನೆಯಲ್ಲಿ ಫಲಕವಿಲ್ಲ, ಶಿಕ್ಷೆ ಮಾತ್ರ ಉಂಟು. ಯಾರಿಗಾದರೂ ಪೆಟ್ಟಾಯಿತೆಂದರೆ ಇವರ ಮೊದಲ ಪ್ರಶ್ನೆ "ಯಾರು?" ಎಂದು. ಸಿಕ್ಕಿಬಿದ್ದವರು ಇನ್ನು ಮುಂದೆ ಆ ಕೆಲಸಕ್ಕೆ ಕೈ ಹಾಕುವ ಹಾಗಿಲ್ಲ, ಇಲ್ಲವೇ ಆ ವಸ್ತುವೇ ಮಾಯ. ನೆಗಡಿಯಾದರೆ ಮೂಗು ಕೊಯ್ಯುವ ವೈದ್ಯ. ಮಗಳು ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಳು, ಹರಿತವಾದ ಚಾಕು ಬೀರು ಸೇರಿತು. ಅದರ ಜಾಗಕ್ಕೆ ಬಂದ ಚಾಕು ಬೆಣ್ಣೆಯನ್ನೂ ಅನುಮತಿ ಕೇಳಿ ಕೊಯ್ಯುವಂಥದ್ದು. ಅದನ್ನು ಒತ್ತಿ ಒತ್ತಿ ಜಾರಿಸಿಕೊಂಡು ಮಗಳು ಮತ್ತೆರಡು ಸಲ ಗಾಯ ಮಾಡಿಕೊಂಡಳು, ಬಾಯಿ ಬಿಡಲಿಲ್ಲ. ನಾನು ಸ್ಟೂಲಿನಿಂದ ಬಿದ್ದೆ, ಸ್ಟೂಲು ಅಟ್ಟ ಸೇರಿತು. ಈಗ ಅದನ್ನು ಕೆಳಗಿಳಿಸಬೇಕಾದರೆ ಇನ್ನೊಂದು ಸ್ಟೂಲು ಬೇಕು. ಸದ್ಯಕ್ಕೆ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಹತ್ತುತ್ತೇನೆ. ಅಲ್ಲಿಂದಲೂ ಒಮ್ಮೆ ಬಿದ್ದದ್ದಾಯಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ನನಗಂತೂ ಮೀಸೆಯೇ ಇಲ್ಲ, ಹಾಗಾಗಿ ಆ ತೊಂದರೆಯೂ ಬರಲಿಲ್ಲ.

ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ನನ್ನ ಅತ್ತೆ. ಮೆಟ್ಟಿಲ ಮೇಲೆ ಎಡವಿದರು, ಮಹಡಿ ಹೋಯಿತು. ಸೂಜಿ ಚುಚ್ಚಿಕೊಂಡರು, ಹೊಲಿಗೆ ಹೋಯಿತು. ಕೊನೆಗೆ ಅವರ ಪಾಲಿಗೆ ಉಳಿದದ್ದು ಬೆಳಗಿನ ಕಾಫಿಯೊಂದೇ. ನಾವೆಲ್ಲ ಏಳುವ ಮೊದಲೇ ಎದ್ದು ಒಲೆ ಹಚ್ಚಿ, ಯಾರಿಗೆ ಸಕ್ಕರೆ ಎಷ್ಟು ಎಂದು ಯಾರನ್ನೂ ಕೇಳದೆ ಕಾಫಿ ಬೆರೆಸುತ್ತಿದ್ದರು. ಈ ಮನೆಗೆ ತಾನಿನ್ನೂ ಬೇಕಾದವಳು ಎಂದು ಅವರಿಗೆ ಅನಿಸುತ್ತಿದ್ದದ್ದು ಆಗ ಮಾತ್ರ. ಒಂದು ದಿನ ಸೆರಗಿನ ಅಂಚು ಕೊಂಚ ಸೀದುಹೋಯಿತು. ಮಗರಾಯರು ಬೆರಳೆತ್ತಿ, "ಅಮ್ಮ, ಇನ್ನೊಂದ್ಸಲ ಏನಾದ್ರೂ ಆದ್ರೆ ನೀನು ಒಲೆ ಹತ್ರ ಬರೋ ಹಾಗಿಲ್ಲ" ಎಂದರು. ಅತ್ತೆ ಹೂಂ ಎಂದರು. ಅವತ್ತು ಅವರಿಗೆ ಊಟ ಸೇರಲಿಲ್ಲ.

ಇಷ್ಟೆಲ್ಲ ಕಟ್ಟುನಿಟ್ಟಿನ ಮನೆಯಲ್ಲಿ, ಕೆಳಗಿನ ಬಚ್ಚಲಿನ ಬಾಗಿಲಲ್ಲೇ ಒಂದು ಟೈಲ್ಸ್ ಸಡಿಲವಾಗಿತ್ತು. ಈ ಕಡೆ ಕಾಲಿಟ್ಟರೆ ಆ ಕಡೆ ಏಳುತ್ತಿತ್ತು. ನಾನು ಗೋಡೆ ಹಿಡಿದು ದಾಟುತ್ತಿದ್ದೆ, ಮಗಳು ನೆಗೆಯುತ್ತಿದ್ದಳು, ಅತ್ತೆ ಬಾಗಿಲ ಚಿಲಕಕ್ಕೆ ಜೋತುಬೀಳುತ್ತಿದ್ದರು. ಇವರ ಸ್ನಾನ ಮಹಡಿಯಲ್ಲಾದ್ದರಿಂದ ಇವರಿಗೆ ಅದರ ಪರಿಚಯವಿರಲಿಲ್ಲ. ಒಮ್ಮೆ ವಿಷಯ ತೆಗೆದೆ. "ಯಾರು ಬಿದ್ರು?" ಎಂದರು. ಬಿದ್ದವಳು ನಾನೇ. ಹೇಳಿದರೆ ನನ್ನ ಸ್ನಾನವೇ ರದ್ದಾದೀತೆಂದು, ಯಾರೂ ಇಲ್ಲ ಎಂದೆ. ಹಾಗಾದರೆ ಸರಿ ಎಂದು ಇವರು ಪೇಪರಿನೊಳಗೆ ತಲೆ ಹುದುಗಿಸಿದರು.

ಭಾನುವಾರ ಇವರು ಮನೆಯ ತಪಾಸಣೆ ಮಾಡುವ ದಿನ. ಕಳೆದ ಭಾನುವಾರ ಮಹಡಿಯ ನಲ್ಲಿಯಲ್ಲಿ ನೀರು ಬರದೆ ಕೆಳಗಿನ ಬಚ್ಚಲಿಗೆ ಬಂದರು. ಒಳಗೆ ಧಡ್ ಎಂದು ಸದ್ದಾಯಿತು, ಅದರ ಹಿಂದೆಯೇ ಅಯ್ಯಮ್ಮಾ ಎಂಬ ಕೂಗು. ಏನಾಯಿತೆಂದು ಮಗಳು ಬಾಗಿಲು ಬಡಿದರೆ, ಬಕೆಟ್ಟು ಬಿತ್ತು ಎಂದರು. ನಮ್ಮ ಬಕೆಟ್ಟು ಎಷ್ಟೋ ಸಲ ಬಿದ್ದಿದೆ, ಅಮ್ಮನನ್ನು ಕರೆದದ್ದು ಅದೇ ಮೊದಲು.

ಗೋಡೆ ಸವರಿಕೊಂಡು ಬಂದು ಮೇಜಿನ ಮುಂದೆ ಕೂತವರು, ಈ ತಿಂಗಳೂ ನಮ್ಮಲ್ಲಿ ಒಂದೇ ಒಂದು ಅಪಘಾತವಿಲ್ಲ ಎಂದು ಘೋಷಿಸಿದರು. ಅತ್ತೆ ಕಾಫಿ ತಂದರು. ಒಂದು ಸಲಕ್ಕೆ ಒಂದೇ ಲೋಟ, ಅದೂ ಎಡಗೈಯಲ್ಲಿ. ಸೆಕೆಗೆ ಫ್ಯಾನು ಸುತ್ತುತ್ತಿದ್ದರೂ ಅವರು ಹಿಂದಿನ ದಿನದಿಂದ ಶಾಲು ಹೊದ್ದೇ ಇದ್ದರು. ಜ್ವರವೇನೋ ಎಂದು ನಾನು ಹಣೆ ಮುಟ್ಟಿ ನೋಡಿದ್ದೆ, ಹಣೆ ತಣ್ಣಗಿತ್ತು. ಮಗನ ಮುಂದೆ ಇಡುವಾಗ ಲೋಟ ವಾಲಿತು. ಹಿಡಿಯಲು ಬಲಗೈ ಶಾಲಿನೊಳಗಿಂದ ತಾನಾಗಿ ಹೊರಗೆ ಬಂತು. ಮಣಿಕಟ್ಟು ಊದಿ ನೀಲಿಗಟ್ಟಿತ್ತು.

ಇವರು ದಡಬಡಿಸಿ ಎದ್ದರು, ಕಾಲೂರಲಾಗದೆ ಮತ್ತೆ ಕುಸಿದರು. ಅತ್ತೆ ತಮ್ಮ ಕೈಯನ್ನು ನೋಡಿಕೊಳ್ಳಲಿಲ್ಲ, ಅಡುಗೆಮನೆಯ ಕಡೆ ನೋಡಿದರು.

"ನಾನು ಬಿದ್ದಿಲ್ಲ ಕಣೋ," ಎಂದರು. "ಒಲೆ ಒಂದು ಬಿಟ್ಬಿಡೋ ನಂಗೆ."

ಮುರಿದ ಕೈಯಲ್ಲಿ ಈ ಜೀವ ನಮಗೆಲ್ಲ ಕಾಫಿ ಮಾಡಿದೆ, ಅದೂ ಹೆತ್ತ ಮಗನಿಗೆ ಹೆದರಿ. ಇವರ ತುಟಿ 'ಯಾರು' ಎನ್ನಲು ಆಗಲೇ ತೆರೆದಿತ್ತು. ಮಾತನ್ನು ಅಲ್ಲೇ ತಡೆದು ತಮ್ಮ ಪಾದವನ್ನೊಮ್ಮೆ ನೋಡಿಕೊಂಡರು.

"ಎಲ್ಲಮ್ಮ ಬಿದ್ದಿದ್ದು?"

ಅತ್ತೆ ಕೈಯನ್ನು ಮತ್ತೆ ಶಾಲಿನೊಳಗೆ ಎಳೆದುಕೊಂಡರು. ಇವರೇ ಮೆಲ್ಲಗೆ ಹೇಳಿದರು: "ಬಚ್ಚಲ ಬಾಗಿಲಲ್ಲಿ. ಈ ಕಡೆ ಕಾಲಿಟ್ರೆ ಆ ಕಡೆ ಏಳುತ್ತೆ."

ಆಸ್ಪತ್ರೆಯಲ್ಲಿ ತಾಯಿ ಮಗ ಅಕ್ಕಪಕ್ಕ ಕೂತು ಕಟ್ಟು ಹಾಕಿಸಿಕೊಂಡರು. ಇಬ್ಬರಿಗೂ ಏನಾಯಿತೆಂದು ಡಾಕ್ಟರು ಕೇಳಿದ್ದಕ್ಕೆ, ನನ್ನದು ಟೈಲ್ಸು, ಇವನದು ಬಕೆಟ್ಟು ಎಂದು ಅತ್ತೆ ಗಂಭೀರವಾಗಿ ಹೇಳಿದರು.

ಮರುದಿನ ಗಾರೆಯವನು ಬಂದು ಒಂದು ಹಿಡಿ ಸಿಮೆಂಟಿನಲ್ಲಿ ಟೈಲ್ಸ್ ಕೂರಿಸಿದ. ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಕೆಲಸ ಮುಗಿದಿತ್ತು. ಒಳ್ಳೆ ಎತ್ತರದವನಾದ್ದರಿಂದ ಅಟ್ಟದ ಸ್ಟೂಲನ್ನೂ ಅವನ ಕೈಯಲ್ಲೇ ಇಳಿಸಿಕೊಂಡೆ. ಅತ್ತೆ ಎಡಗೈಯಲ್ಲೇ ಅವನಿಗೆ ಕಾಫಿ ಬೆರೆಸಿ ತಂದರು. ಅರ್ಧ ಲೋಟಕ್ಕೆ, ಅರ್ಧ ನೆಲಕ್ಕೆ.

ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ ಇವರು ಬಾಯಿ ತೆರೆದರು. ಅತ್ತೆ ನಿಂತಲ್ಲೇ ನಿಂತರು. ಇವರು ಬಾಯಿ ಮುಚ್ಚಿ, ಕುಂಟುತ್ತ ಎದ್ದು ಹೋಗಿ ಬಟ್ಟೆ ತಂದು ನೆಲ ಒರೆಸಿದರು. ಆಮೇಲೆ ಖಾಲಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, ತಮಗೂ ಒಂದಿಷ್ಟು ಕಾಫಿ ಸಿಗಬಹುದೇ ಎಂದು ಅಮ್ಮನನ್ನು ಕೇಳಿದರು.