ಐಸ್ ಪ್ಯಾಕ್ ಬೆವರುವ ತನಕ

ಆರೋಗ್ಯ ಕೇಂದ್ರಕ್ಕೆ ದೊಡ್ಡ ಸಿಸ್ಟರ್ ಆದಮೇಲೆ ಅವಳಿಗೆ ಸಿಕ್ಕಿದ್ದು ಬೀಗದ ಕೈ ಗೊಂಚಲು, ಕಾಲು ಕುಂಟುವ ಒಂದು ಕುರ್ಚಿ, ಜೊತೆಗೆ ಕಂಡಕಂಡವರ ಬೈಗುಳ. 'ಜವಾಬ್ದಾರಿಯೆಲ್ಲ ನಿಮ್ಮದೇ' ಎಂದು ಮೇಲಧಿಕಾರಿ ಹೇಳದ ಮೀಟಿಂಗೇ ಇರಲಿಲ್ಲ. ಮೇಲಿನವರಿಗೂ ರೋಗಿಗಳಿಗೂ ನಡುವೆ ಅವಳದು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಬಾಳು.

ಕೈಕೆಳಗೆ ಇದ್ದ ನರ್ಸ್ ಒಬ್ಬಳೇ. ಸಣ್ಣ ಆಳು, ಬಾಯಿಗೆ ಬಿಡುವಿಲ್ಲ; ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಅವಳ ನೌಕರಿ ಕಾಯಂ ಅಲ್ಲ. ಹಾಸಿಗೆ ಹಿಡಿದ ಅತ್ತೆ, ಕೆಲಸವಿಲ್ಲದ ಗಂಡ ಮಾತ್ರ ಕಾಯಂ.

ಆ ಲಸಿಕೆ ದಿನ ಮೇಲಧಿಕಾರಿ ತಪಾಸಣೆಗೆ ಬರುವವರಿದ್ದರು. ತಾಯಂದಿರ ಸಾಲು ಗೇಟು ದಾಟಿತ್ತು. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕುಗಳನ್ನು ಗುಬ್ಬಿ ಮೇಜಿನ ಮೇಲೆ ಹರಡಿ ಕಾಯುತ್ತಿದ್ದಳು. ಅವು ಬೆವರಬೇಕು, ಅಲುಗಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ಆಮೇಲಷ್ಟೇ ಲಸಿಕೆಯ ಡಬ್ಬಕ್ಕೆ. ಕಲ್ಲಿನಂತಿರುವಾಗಲೇ ಇಟ್ಟರೆ ಪಕ್ಕದ ಲಸಿಕೆಯೂ ಗಡ್ಡೆಕಟ್ಟಿ ಕೆಟ್ಟುಹೋಗುತ್ತದೆ.

"ಇನ್ನೂ ಬೆವರಿಲ್ಲ ಅಕ್ಕಾ."

"ನಾನು ಬೆವರ್ತಾ ಇದೀನಲ್ಲ, ಸಾಕು. ತುಂಬು ಬೇಗ. ಸಾಹೇಬ್ರಿಗೆ ಖಾಲಿ ಡಬ್ಬ ತೋರಿಸ್ಲಾ?"

ಗುಬ್ಬಿ ತುಂಬಿದಳು. ಸಾಲು ಬೇಗ ಕರಗಿತು. ಮೇಲಧಿಕಾರಿ ಭೇಷ್ ಎಂದು ಹೊರಟುಹೋದರು.

ಮಧ್ಯಾಹ್ನ ದೊಡ್ಡ ಸಿಸ್ಟರ್ ಉಳಿದ ಸೀಸೆಗಳನ್ನು ಎತ್ತಿಡುತ್ತ ಒಂದನ್ನು ಕುಲುಕಿ ನೋಡಿದಳು. ಹಾಲಿನಂತೆ ಒಂದಾಗಿ ನಿಲ್ಲಬೇಕಾದ ಮದ್ದು ಚೂರುಚೂರಾಗಿ ತಳಕ್ಕಿಳಿಯಿತು. ಇನ್ನೊಂದೂ ಹಾಗೆಯೇ. ಬೆಳಗಿನಿಂದ ಸೂಜಿ ಚುಚ್ಚಿಸಿಕೊಂಡು ಅತ್ತ ಮಕ್ಕಳೆಲ್ಲ ಸುಮ್ಮನೆ ಅತ್ತಿದ್ದವು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಗುಬ್ಬಿಗೆ ದಿನಾ ಪಾಠ ಹೇಳುತ್ತಿದ್ದವಳು ಅವಳೇ.

ಗುಬ್ಬಿಯೂ ಒಂದು ಸೀಸೆ ಎತ್ತಿ ಕುಲುಕಿ ನೋಡಿದಳು. "ಯಾರಿಗೂ ಗೊತ್ತಾಗಲ್ಲ ಅಲ್ವಾ ಅಕ್ಕಾ?"

"ರೋಗಕ್ಕೆ ಗೊತ್ತಾಗುತ್ತೆ ಕಣೇ. ಮಕ್ಕಳನ್ನ ವಾಪಸ್ ಕರೀಲೇಬೇಕು. ನೀನು ಹೆದರ್ಬೇಡ, ತಪ್ಪು ನಂದು ಅಂತ ನಾನೇ ಹೇಳ್ತೀನಿ. ನಿನ್ನ ಕೂದಲೂ ಕೊಂಕೋಕೆ ಬಿಡಲ್ಲ."

ಮರುದಿನ ದೊಡ್ಡ ಸಿಸ್ಟರ್ ಮೇಲಧಿಕಾರಿಯ ಮೇಜಿನ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಕನ್ನಡಕ ಒರೆಸಿಕೊಂಡರು.

"ಡಬ್ಬ ತುಂಬಿದ್ದು ಯಾರು?"

"ಅವಸರ ಮಾಡಿ ತುಂಬಿಸಿದ್ದು ನಾನು ಸಾರ್."

"ನಾನು ಕೇಳಿದ್ದು ಅದಲ್ಲ. ನಿಮ್ಮನ್ನ ತೆಗೆದ್ರೆ ವಿಚಾರಣೆ ನನ್ನ ತನಕ ಬರುತ್ತೆ, ಕೇಂದ್ರಕ್ಕೆ ಬೀಗ ಬೀಳುತ್ತೆ. ಆ ಹುಡುಗಿ ಹೇಗೂ ಟೆಂಪರವರಿ."

"ಜವಾಬ್ದಾರಿಯೆಲ್ಲ ನಂದೇ ಅಂತಿದ್ರಲ್ಲ ಸಾರ್?"

"ಅದು ಮೀಟಿಂಗ್ ಮಾತು ಸಿಸ್ಟರ್."

ಅವಳು ಬೇಡಿಕೊಂಡಳು, ಕೂಗಾಡಿದಳು, ಕಡೆಗೆ ರಾಜೀನಾಮೆ ಕೊಡುತ್ತೇನೆಂದಳು. "ಕೊಡಿ. ಕೆಟ್ಟ ಲಸಿಕೆ ಹಾಕಿಸಿಕೊಂಡ ಮಕ್ಕಳನ್ನ ಯಾರು ಕರೀತಾರೆ?" ಎಂದರು ಅವರು. ರಾಜೀನಾಮೆಯ ಮಾತನ್ನು ಅವಳು ಅಲ್ಲಿಗೇ ಬಿಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರನ್ನು ಅವಳು ಬಹಳ ನೋಡಿದ್ದಳು. ತಾನೇ ಆ ಎತ್ತಾಗಿ ನಿಂತದ್ದು ಇದೇ ಮೊದಲು.

ಕೆಲಸದಿಂದ ತೆಗೆದ ಕಾಗದ ಕೈಗೆ ಬಂದಾಗ ಗುಬ್ಬಿ ಅಳಲಿಲ್ಲ. ಕಪಾಟಿನಿಂದ ತನ್ನ ಊಟದ ಡಬ್ಬಿ, ಚಪ್ಪಲಿ ತೆಗೆದುಕೊಂಡಳು. "ಕೂದಲೂ ಕೊಂಕಲ್ಲ ಅಂದಿದ್ರಿ ಅಕ್ಕಾ," ಎಂದಷ್ಟೇ ಹೇಳಿ ಹೋದಳು. ಆ ಜಾಗಕ್ಕೆ ಮತ್ತೆ ಯಾರೂ ಬರಲಿಲ್ಲ.

ದೊಡ್ಡ ಸಿಸ್ಟರ್ ಮನೆಮನೆಗೆ ಅಲೆದು ತಾಯಂದಿರನ್ನು ಕರೆದಳು. ಮುಂದಿನ ಲಸಿಕೆ ದಿನ ಒಬ್ಬಳೇ ಬಾಗಿಲು ತೆರೆದು, ಒಬ್ಬಳೇ ಐಸ್ ಪ್ಯಾಕುಗಳನ್ನು ಮೇಜಿನ ಮೇಲೆ ಹರಡಿದಳು. ಹೊರಗೆ ಗದ್ದಲವೋ ಗದ್ದಲ.

"ಇನ್ನೆಷ್ಟು ಹೊತ್ತು ಕಾಯ್ಬೇಕ್ರೀ?"

"ಸ್ವಲ್ಪ ತಡೀರಮ್ಮ, ಐಸ್ ಬೆವರಬೇಕು."

"ಐಸ್ ಬೆವರುತ್ತಂತೆ, ಕೇಳ್ರಮ್ಮ! ಆ ಸಣ್ಣ ಸಿಸ್ಟರ್ ಇದ್ದಾಗ ಎಷ್ಟು ಬೇಗ ಆಗ್ತಿತ್ತು!"

"ಚುಚ್ಚಿದ್ದನ್ನೇ ಮತ್ತೆ ಚುಚ್ತಾರಂತೆ. ನಮ್ಮ ಮಕ್ಕಳೇನು ಪುಕ್ಕಟೆ ಬಂದಿದಾವಾ? ನಡಿ, ಹೋಗೋಣ."

ಒಬ್ಬಳು ಎದ್ದಳು. ಅವಳ ಹಿಂದೆ ಅವಳ ಓರಗಿತ್ತಿ, ಆಮೇಲೆ ಬೆಂಚಿನ ಮೇಲಿದ್ದವರು. ದೊಡ್ಡ ಸಿಸ್ಟರಿಗೆ ಓಡಿಹೋಗಿ ಅವರ ಕೈ ಹಿಡಿದುಕೊಳ್ಳುವಷ್ಟು ಸಂಕಟ. ಡಬ್ಬದ ಕಡೆ ಕೈ ಚಾಚಿದಳು, ಹಿಂದಕ್ಕೆಳೆದುಕೊಂಡಳು. ಈ ಸಲ ಅವಸರ ಮಾಡುವ ಹಾಗಿರಲಿಲ್ಲ.

ಕೊನೆಗೆ ಪ್ಯಾಕುಗಳ ಮೈಮೇಲೆ ಹನಿಗಳು ಮೂಡಿದವು. ಒಂದನ್ನೆತ್ತಿ ಕಿವಿಯ ಹತ್ತಿರ ಅಲುಗಿಸಿದಳು. ಒಳಗೆ ನೀರು ಕುಲುಕುವುದು ಸ್ಪಷ್ಟವಾಗಿ ಕೇಳಿಸಿತು. ಹೊರಗೆ ಅಳುವ ಮಗು ಒಂದೂ ಉಳಿದಿರಲಿಲ್ಲ.